ಸಿಟ್ಟಿಗೆ ಎಷ್ಟು ತಾಸು

ಸಿಟ್ಟು ಬಂದರೆ ಎಷ್ಟು ತಾಸು ಇರುತ್ತದೆ ಎಂದು ನಮ್ಮ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಬರುತ್ತಿತ್ತು, ಮನೆಯಲ್ಲಿ ನಾಲ್ಕು ಪಾತ್ರೆ ಸದ್ದು ಮಾಡುತ್ತಿದ್ದವು, ಹೋಗುತ್ತಿತ್ತು. ಅದರ ಹೊತ್ತನ್ನು ಕೈಗೆ ಕಟ್ಟಿದ ಯಂತ್ರವೊಂದು ಹೇಳುವ ಕಾಲ ಬರುತ್ತದೆ ಎಂದು ನನ್ನ ಹರೆಯದಲ್ಲಿ ಯಾರಾದರೂ ಅಂದಿದ್ದರೆ, ಪಾಪ, ಬಿಸಿಲು ಬಡಿದಿದೆ ಎಂದು ಮಜ್ಜಿಗೆ ಕುಡಿಸಿ ಕಳಿಸುತ್ತಿದ್ದೆ.

ಆ ಕಾಲ ಬಂತು. ಬೆಟಗೇರಿಯ ನಮ್ಮ ನೇಕಾರ ಓಣಿಗೆ ಮನಸ್ವಾಸ್ಥ್ಯ ಮಂಡಳಿಯ ವ್ಯಾನು ಬಂದು ತಲೆಗೊಂದರಂತೆ ಕಡಗ ತೊಡಿಸಿ ಹೋಯಿತು. ಎಪ್ಪತ್ತು ದಾಟಿದವರಿಗೆ ಬೇಡವೆಂದು ನನ್ನನ್ನು ಬಿಟ್ಟರು. ಮುದುಕರ ಮನಸ್ಸಿನಲ್ಲಿ ಏನಾದರೆ ಯಾರಿಗೇನು.

ಕಡಗವೆಂದರೆ ಬೂದುಬಣ್ಣದ ತೆಳ್ಳಗಿನ ಪಟ್ಟಿ. ಅದರ ಒಳಮೈಯಲ್ಲಿ ಅಕ್ಕಿಕಾಳಿನಂಥ ಮೂರು ಕಣ್ಣು. ಒಂದು ನಾಡಿ ನೋಡುತ್ತದೆ, ಇನ್ನೊಂದು ಬೆವರು ನೋಡುತ್ತದೆ, ಮೂರನೆಯದು ಚರ್ಮದ ಕೆಳಗಿನ ರಕ್ತದಲ್ಲಿ ಯಾವ ರಸ ಏರಿದೆ ಎಂದು ನೋಡುತ್ತದೆ. ಮೂರೂ ಸುದ್ದಿ ಹುಬ್ಬಳ್ಳಿಯ ಕೇಂದ್ರಕ್ಕೆ ಹೋಗುತ್ತವೆ. ಇಂಥದೇ ನಾಡಿ, ಇಂಥದೇ ಬೆವರು ಇದ್ದ ಲಕ್ಷಾಂತರ ಜನರಿಗೆ ಹಿಂದೆ ಏನಾಗಿತ್ತು ಎಂದು ಅಲ್ಲಿನ ದೊಡ್ಡ ಯಂತ್ರ ಹುಡುಕಿ, ರೆಪ್ಪೆ ಬಡಿಯುವುದರೊಳಗೆ ಉತ್ತರ ಕಳಿಸುತ್ತದೆ. ಕಡಗ ಒಮ್ಮೆ ನಡುಗಿ ಹೆಣ್ಣುದನಿಯಲ್ಲಿ ಹೇಳುತ್ತದೆ: ಸಿಟ್ಟು, ಪ್ರಮಾಣ ಏಳು, ಅವಧಿ ನಾಲ್ಕು ತಾಸು. ಆಮೇಲೆ ಆ ಅಂಕಿ ಪಟ್ಟಿಯ ಮೇಲೆ ಕೆಂಪಗೆ ಉರಿಯುತ್ತ ಕೂರುತ್ತದೆ.

ಜನ ಹೊಂದಿಕೊಂಡರು. ಜನ ಯಾವುದಕ್ಕೆ ಹೊಂದಿಕೊಂಡಿಲ್ಲ? ರೇಷನ್ ಅಂಗಡಿಯವನು ‘ನನಗ ಸಂಜೀತನಕ ಬ್ಯಾಸರ ಐತಿ’ ಎಂದು ಕಡಗ ತೋರಿಸಿ ಬಾಗಿಲು ಎಳೆದುಕೊಂಡ. ಗಂಡ ಹೆಂಡತಿಗೆ ಹೊಡೆದು ‘ನಂದಲ್ಲ ತಪ್ಪು, ಎಂಟು ತೋರಸ್ತಿತ್ತು’ ಎಂದ. ಕನ್ಯೆ ನೋಡಲು ಬಂದವರು ಜಾತಕ ಬಿಟ್ಟು ಹುಡುಗಿಯ ಕಡಗದ ದರ್ಜೆ ಕೇಳತೊಡಗಿದರು. ದರ್ಜೆ ಮೂರೇ ಇದ್ದವು: ಸ್ಥಿರ, ಸಾಧಾರಣ, ಅಂಚು. ಮನಸ್ಸು ಗಳಿಗೆಗೊಮ್ಮೆ ಏರಿ ಗಳಿಗೆಗೊಮ್ಮೆ ಇಳಿಯುವವರು ಅಂಚಿನವರು. ಅವರು ಯಾವಾಗ ಆಚೆ ಬೀಳುತ್ತಾರೋ ಹೇಳಲಾಗದು ಎಂದು ಮಂಡಳಿಯ ಮಾತು.

ನನ್ನ ಮೊಮ್ಮಗ ಏಕನಾಥ ಅಂಚಿನ ಹುಡುಗಿಯನ್ನೇ ಮದುವೆಯಾಗಿ ಬಂದ. ಅವನು ಗದಗಿನ ಸುತ್ತಲ ಗಾಳಿಯಂತ್ರಗಳ ಮೇಲೆ ಹತ್ತಿ ರಿಪೇರಿ ಮಾಡುವವನು. ಎತ್ತರಕ್ಕೆ ಹೆದರದವನು ಹೆಸರಿಗೆ ಹೆದರುತ್ತಾನೆಯೇ. ಹುಡುಗಿಯ ಹೆಸರು ಬನಜಾ. ತಾಯಿತಂದೆ ಇಲ್ಲದೆ ಅನಾಥಾಲಯದಲ್ಲಿ ಬೆಳೆದವಳು. ಕಡಗವನ್ನು ಮೊದಲು ಕಟ್ಟಿ ನೋಡಿದ್ದೇ ಅಂಥ ಮಕ್ಕಳ ಕೈಗೆ. ಕೇಳುವವರು ಇರಲಿಲ್ಲವಲ್ಲ.

ಮನೆಗೆ ಬಂದ ಹೊಸತರಲ್ಲಿ ಅವಳು ಬೆಳಗ್ಗೆ ನನ್ನ ಕಾಲು ಒತ್ತಿ, ಆಯಿ, ನಿಮ್ಮಂಥವರು ಲೋಕದಲ್ಲೇ ಇಲ್ಲ ಎನ್ನುತ್ತಿದ್ದಳು. ಸಂಜೆ ಚಹಾಕ್ಕೆ ಸಕ್ಕರೆ ಕಡಿಮೆ ಎಂದಿದ್ದಕ್ಕೆ, ನೀವೂ ನನ್ನನ್ನು ಹೊರಗೆ ಹಾಕುವವರೇ ಎಂದು ಲೋಟ ಗೋಡೆಗೆ ಎಸೆಯುತ್ತಿದ್ದಳು. ಏಕನಾಥ ಬರುವುದು ತುಸು ತಡವಾದರೆ ಅವನು ಬಿಟ್ಟೇ ಹೋದ ಎಂದು ಅವಳಿಗೆ ಖಾತ್ರಿ. ಬಾಗಿಲಿಗೆ ಬೆನ್ನು ಕೊಟ್ಟು ಕೂತು ಮೊಣಕೈ ಕೆರೆದುಕೊಂಡು ರಕ್ತ ಬರಿಸುತ್ತಿದ್ದಳು. ಅವನು ಬಂದು ಎದುರಿಗೆ ನಿಂತರೂ ಅವಳ ಕಣ್ಣು ಕಡಗದ ಮೇಲೆ. ‘ಇನ್ನೂ ಮೂರು ತಾಸು ಐತ್ರಿ’ ಎನ್ನುತ್ತಿದ್ದಳು, ಶಿಕ್ಷೆ ಎಣಿಸುವವಳಂತೆ. ಮೂರು ತಾಸು ಆಗುವತನಕ ನಿಜಕ್ಕೂ ಅಳುತ್ತಿದ್ದಳು. ಅದು ನಟನೆಯಾಗಿರಲಿಲ್ಲ. ಅಷ್ಟು ನೋವನ್ನು ನಟಿಸಲು ಯಾರಿಂದಲೂ ಆಗದು.

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಬೇರೆಯವರ ಮೇಲೆ. ಕಡಗ ಕಟ್ಟುವಾಗ ಬನಜಾ ಎಂಟು ವರ್ಷದ ಹುಡುಗಿ, ಅವಳಿಗೆ ಯಾರೋ ಹೇಳಿದ್ದರು: ನಿನ್ನೊಳಗೆ ಬರುವುದು ನಿನ್ನ ಮಾತು ಕೇಳುವುದಿಲ್ಲ, ಅದು ಬಂದರೆ ಹೋಗುವುದಿಲ್ಲ, ಅದೇ ನೀನು. ಹಾಗೆ ಹೇಳಿದವರು ಸಂಬಳ ತೆಗೆದುಕೊಂಡು ಮನೆಗೆ ಹೋದರು. ಹುಡುಗಿ ಆ ಮಾತನ್ನು ಮೈಯಾಗಿ ಮಾಡಿಕೊಂಡಳು.

ಬನಜಾಳಂಥವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ನನ್ನ ನಾದಿನಿ ಕಲ್ಲವ್ವ ಹಾಗೆಯೇ ಇದ್ದಳು. ಮುಂಜಾನೆ ದೇವತೆ, ಮಧ್ಯಾಹ್ನ ಮಾರಿ. ಆದರೆ ಮಗ್ಗದ ಮನೆಗಳಲ್ಲಿ ಒಂದು ಕಟ್ಟಳೆ ಇತ್ತು. ಸಿಟ್ಟು ಬಂದವರು ಲಾಳಿ ಮುಟ್ಟಕೂಡದು. ಸಿಟ್ಟಿನ ಕೈ ಎಳೆ ಕಡಿಯುತ್ತದೆ, ಸೀರೆ ಕೆಡುತ್ತದೆ. ಅವರು ರಾಟಿಯ ಮುಂದೆ ಕೂತು ಕಂಡಿಕೆ ಸುತ್ತಬೇಕು, ಅಂದರೆ ಲಾಳಿಯೊಳಗೆ ಇಡುವ ಪುಟ್ಟ ಕೊಳವೆಗೆ ನೂಲು ತುಂಬಬೇಕು. ಯಾರೂ ಸಮಾಧಾನ ಮಾಡುವಂತಿಲ್ಲ, ಯಾರೂ ಬೈಯುವಂತಿಲ್ಲ, ಯಾಕೆ ಎಂದು ಕೇಳುವಂತಿಲ್ಲ. ಕಲ್ಲವ್ವನಿಗೆ ನಮ್ಮತ್ತೆ ಹೇಳುತ್ತಿದ್ದದ್ದು ಇಷ್ಟೇ: ‘ಬಂತಾ? ಬರ್ಲಿ ಬಿಡು. ಕಂಡಕಿ ತುಂಬು.’ ಕಲ್ಲವ್ವ ಹಲ್ಲು ಕಡಿಯುತ್ತ ಸುತ್ತುತ್ತಿದ್ದಳು. ನಾಲ್ಕು ಕಂಡಿಕೆ ತುಂಬುವಷ್ಟರಲ್ಲಿ ಎದ್ದು, ಊಟಕ್ಕೆ ಏನು ಮಾಡಿದ್ದೀರಿ ಎಂದು ಕೇಳುತ್ತಿದ್ದಳು. ಅವಳಿಗೆ ಕಷ್ಟವಾಗಲಿಲ್ಲ ಎಂದು ಹೇಳುವುದಿಲ್ಲ, ಬಹಳ ಕಷ್ಟವಾಯಿತು. ಆದರೆ ಬಂದದ್ದು ಹೋಗುತ್ತದೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

ಬನಜಾಳಿಗೆ ಹೆಣ್ಣುಮಗು ಹುಟ್ಟಿತು. ಇಂಪನಾ ಎಂದು ಹೆಸರಿಟ್ಟು ಇಂಪು ಎಂದು ಕರೆದೆವು. ಆಮೇಲೆ ತಿಳಿಯಿತು, ಅಂಚಿನ ತಾಯಂದಿರ ಮಕ್ಕಳ ಮೇಲೆ ಮಂಡಳಿಗೆ ಹಕ್ಕಿದೆ ಎಂದು. ತಾಯಿಯ ದರ್ಜೆ ಕೆಡುತ್ತ ಹೋದರೆ ಮಗುವನ್ನು ಪಾಲನಾಗೃಹಕ್ಕೆ ಒಯ್ಯುತ್ತಾರೆ. ಐದು ವರ್ಷ ತುಂಬುವತನಕ ತಾಯಿಗೆ ಮುಖ ತೋರಿಸುವುದಿಲ್ಲ.

ದರ್ಜೆ ನೋಡಿಸಲು ಬನಜಾ ಹುಬ್ಬಳ್ಳಿಗೆ ಹೋಗುವಾಗ ಮಗು ಹಿಡಿಯಲು ನಾನೂ ಹೋದೆ. ಕೇಂದ್ರದ ಒಳಗೆ ಒಂದು ಗೋಡೆಯ ತುಂಬ ಗೆರೆಗಳು ಓಡುತ್ತಿದ್ದವು. ಒಂದೊಂದು ಗೆರೆ ಒಂದೊಂದು ಜೀವ. ಎಲ್ಲೋ ಒಬ್ಬಳು ಅಳುತ್ತಾಳೆ, ಇಲ್ಲಿ ಗೆರೆ ಏರುತ್ತದೆ. ಎಲ್ಲೋ ಒಬ್ಬ ಸಾಯಲು ಹೊರಟಿದ್ದಾನೆ, ಇಲ್ಲಿ ಚಹಾ ಕುಡಿಯುತ್ತ ನೋಡುತ್ತಾರೆ.

ಅಲ್ಲಿನ ದೊಡ್ಡವರು ಡಾಕ್ಟರ್ ನಿರಂಜನ ಸವಡಿ. ಮೆತ್ತಗೆ ಮಾತಾಡುವ ಮನುಷ್ಯ. ಮೆತ್ತಗೆ ಮಾತಾಡುವವರ ಮೇಲೆ ಸಿಟ್ಟು ಮಾಡುವುದು ಕಷ್ಟ, ಅವರಿಗೆ ಅದು ಗೊತ್ತಿರುತ್ತದೆ. ನಮ್ಮ ಅಂದಾಜು ನೂರಕ್ಕೆ ತೊಂಬತ್ತು ಸರಿ ಬರುತ್ತದೆ ಎಂದು ಅವರು ಹೆಮ್ಮೆಯಿಂದ ಹೇಳಿದರು. ಐದು ತಾಸು ಎಂದರೆ ಐದು ತಾಸೇ. ನಾನು ಕೇಳಿದೆ, ಐದು ತಾಸು ಇರುತ್ತದೆ ಎಂದು ನೀವೇ ಕಿವಿಯಲ್ಲಿ ಊದಿದ ಮೇಲೆ ಅದು ನಾಲ್ಕಕ್ಕೆ ಎದ್ದು ಹೋಗುವುದಾದರೂ ಹೇಗೆ. ಅವರು ನಕ್ಕು ಮಗುವಿನ ಗಲ್ಲ ಹಿಂಡಿದರು. ಕೋಪ ಜಾಸ್ತಿ ಇದ್ದರೆ ಇವಳು ಕೆಟ್ಟವಳೇ ಎಂದೂ ಕೇಳಿದೆ.

‘ಎತ್ತರ ಎಷ್ಟು ಅನ್ನೋದು ಮುಖ್ಯ ಅಲ್ಲ ಅಜ್ಜಿ’ ಎಂದರು. ‘ಎತ್ತರ ಇದ್ದವರಿಗೆ ಗುಳಿಗೆ ಇವೆ. ಎಷ್ಟು ಸಲ ಏರಿ ಇಳಿಯುತ್ತೆ, ಯಂತ್ರ ಅದನ್ನಷ್ಟೇ ಎಣಿಸುತ್ತೆ. ಮಗುವಿಗೆ ಬೇಕಾಗಿರೋದು ಒಂದೇ ರೀತಿ ಇರೋ ತಾಯಿ.’

ಗೆರೆಗಳ ಮುಂದೆ ಕೂರುವ ಪ್ರಫುಲ್ಲಾ ಎಂಬ ಹೆಣ್ಣುಮಗಳು ನಮ್ಮ ಓಣಿಯ ನೂಲಿನ ಅಂಗಡಿಯವರ ಮಗಳು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಮ್ಮ ಬುತ್ತಿಯ ರೊಟ್ಟಿ ತಿನ್ನುತ್ತ ಅವಳು ಒಂದು ಸಂಗತಿ ಹೇಳಿದಳು. ಹಿಂದಿನ ವರ್ಷ ಒಂದು ತಾಲೂಕಿನ ಕಡಗಗಳೆಲ್ಲ ಯಾವುದೋ ದೋಷದಿಂದ ಮೂಕವಾಗಿದ್ದವಂತೆ. ಕಣ್ಣು ನೋಡುತ್ತಿದ್ದವು, ಬಾಯಿ ಮಾತ್ರ ಇರಲಿಲ್ಲ, ಅಂಕಿಯೂ ಮೂಡುತ್ತಿರಲಿಲ್ಲ. ಆ ದಿನಗಳಲ್ಲಿ ಆ ತಾಲೂಕಿನವರ ಸಿಟ್ಟು, ದುಃಖ, ಹೆದರಿಕೆ ಎಲ್ಲ ಅರ್ಧ ಹೊತ್ತಿಗೇ ಇಳಿದಿದ್ದವು. ಅಂಚಿನವರದೂ ಇಳಿದಿತ್ತು. ಪ್ರಫುಲ್ಲಾ ಖುಷಿಯಿಂದ ಓಡಿಹೋಗಿ ಸವಡಿಯವರಿಗೆ ತೋರಿಸಿದಳು. ಅವರು ಬಹಳ ಹೊತ್ತು ನೋಡಿ, ದೋಷದ ಮಾಹಿತಿ, ಅಳಿಸಿಬಿಡು ಎಂದರಂತೆ.

‘ಅಳಿಸಿದ್ಯಾ?’ ಎಂದೆ.

‘ಅಳಿಸಿದ್ನಿ ಆಯಿ’ ಎಂದಳು. ‘ಕಡಗ ಬಾಯಿ ಮುಚ್ಚಿದ್ರ ಜನ ಆರಾಮ ಇರ್ತಾರ ಅಂತಾದ್ರ, ಕಡಗ ಯಾಕ ಬೇಕು, ನಾವೆಲ್ಲಾ ಯಾಕ ಬೇಕು?’

ಅವರಿಗೆ ಗೊತ್ತಿತ್ತು. ಇದನ್ನು ಬರೆಯುವಾಗಲೂ ನನ್ನ ಕೈ ಬಿಸಿಯಾಗುತ್ತದೆ. ತಿಳಿಯದೆ ಮಾಡಿದ್ದರೆ ಒಂದು ಮಾತು. ತಿಳಿದು ಅಳಿಸಿದರು.

ಊರಿಗೆ ಬಂದ ಮೇಲೆ ಒಂದು ದಿನ ಏಕನಾಥ ಫೋನು ಎತ್ತಲಿಲ್ಲ. ಗಾಳಿಯಂತ್ರದ ತುದಿಯಲ್ಲಿ ಇದ್ದನೇನೋ. ಬನಜಾಳ ಕಡಗ ನಡುಗಿತು. ಸಿಟ್ಟು, ಪ್ರಮಾಣ ಒಂಬತ್ತು, ಅವಧಿ ಐದು ತಾಸು. ಅವಳ ಮುಖ ಬೂದಿಯಾಯಿತು. ನಾನು ಎದ್ದು, ನೂಲು ಬೆರಳು ಕೊಯ್ಯದಂತೆ ನಾವು ಸುತ್ತಿಕೊಳ್ಳುವ ಹಳೆಯ ಬಟ್ಟೆಪಟ್ಟಿಯನ್ನು ಅವಳ ಮುಂಗೈಗೆ ದಪ್ಪಗೆ ಸುತ್ತಿದೆ. ಅಂಕಿ ಮುಚ್ಚಿತು, ದನಿ ಉಡುಗಿತು. ರಾಟಿಯ ಮುಂದೆ ಕೂರಿಸಿದೆ.

ನಾನು ಸಾಯುತ್ತೇನೆ ಎಂದಳು. ನಾನು ರಾಟಿಯ ಹಿಡಿ ಅವಳ ಕೈಗಿಟ್ಟೆ. ನಿಮ್ಮ ಮೊಮ್ಮಗ ಮೋಸಗಾರ ಎಂದಳು. ನಾನು ನೂಲಿನ ಲಡಿ ಸರಿಮಾಡಿ ಕೊಟ್ಟೆ. ಮೊದಲ ಕಂಡಿಕೆ ಗಂಟುಗಂಟಾಯಿತು. ಎರಡನೆಯದರಲ್ಲಿ ನನ್ನ ಇಡೀ ವಂಶವನ್ನು ಬೈದಳು, ಅದರಲ್ಲಿ ಅರ್ಧ ನಿಜವೇ ಇತ್ತು. ಮೂರನೆಯದಕ್ಕೆ ಬರೀ ಕಣ್ಣೀರು. ಆಮೇಲಾಮೇಲೆ ರಾಟಿಯ ಸದ್ದು ಒಂದೇ ಹದಕ್ಕೆ ಬಂತು. ಬಾಗಿಲ ಬಿಸಿಲು ಇನ್ನೂ ಹೊಸ್ತಿಲು ದಾಟಿರಲಿಲ್ಲ, ಅವಳ ಕೈ ನಿಂತಿತು.

‘ಆಯಿ’ ಎಂದಳು. ‘ಹೋತು.’

‘ಹೋಗ್ಲಿ.’

‘ಎಲ್ಲಿ ಹೋತ್ರಿ? ಐದು ತಾಸು ಅಂದಿತ್ತಲ್ರಿ?’

ಕಳೆದುಹೋದ ವಸ್ತು ಹುಡುಕುವವಳಂತೆ ಅವಳು ತನ್ನ ಎದೆಯನ್ನೇ ಮುಟ್ಟಿಕೊಂಡು ನೋಡುತ್ತಿದ್ದಳು. ಇಪ್ಪತ್ತಾರು ವರ್ಷದ ಹೆಂಗಸು. ತನ್ನ ಸಿಟ್ಟು ತಾನಾಗಿ ಇಳಿಯಬಲ್ಲದು ಎಂದು ಆವತ್ತು ಮೊದಲ ಸಲ ಕಂಡಳು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಇಷ್ಟು ವರ್ಷ ಇವಳಿಂದ ಇದನ್ನು ಕಸಿದವರ ಮುಖ ಕಣ್ಣೆದುರು ಬಂತು.

ಆಮೇಲೆ ಅವಳೇ ಪಟ್ಟಿ ಸುತ್ತಿಕೊಂಡು ಬಂದು ಕೂರುತ್ತಿದ್ದಳು. ಎಲ್ಲ ಸಲ ಆಗಲಿಲ್ಲ. ಕೆಲವು ದಿನ ರಾಟಿಯನ್ನೇ ಒದ್ದಳು. ಆದರೆ ಮೊಣಕೈ ಮೇಲಿನ ಹಳೆಯ ಗಾಯ ಒಣಗಿತು, ಹೊಸದು ಬರಲಿಲ್ಲ. ಏಕನಾಥ ತಡವಾಗಿ ಬಂದರೆ ಬಾಗಿಲಲ್ಲಿ ನಿಂತು ‘ಬಿಟ್ಟ ಹೋಗೀರೇನೋ ಅಂತ ನಿಮ್ಮ ಪಾಲಿನ ಚಪಾತೀನೂ ತಿಂದ್ನಿ’ ಎಂದು ಕೆಣಕುವಷ್ಟಾದಳು.

ಅಷ್ಟರಲ್ಲಿ ನೋಟೀಸು ಬಂತು. ದರ್ಜೆ ತೀರ ಕೆಟ್ಟಿದೆ, ಮಗುವಿನೊಂದಿಗೆ ಹಾಜರಾಗಬೇಕು, ಅಗಲಿಕೆ ಪರೀಕ್ಷೆ ಮಾಡಲಾಗುವುದು. ಏಕನಾಥ ಎರಡು ಸಲ ಓದಿ ಹೇಳಿದ. ಆಮೇಲೆ ಪ್ರಫುಲ್ಲಾಳಿಗೆ ಫೋನು ಮಾಡಿದ. ಅವಳು ಕಾರಣ ಹೇಳಿದಳು. ಒಂಬತ್ತಕ್ಕೆ ಏರಿದ ಸಿಟ್ಟು ಐದು ತಾಸು ನಿಲ್ಲದೆ ಬೇಗನೆ ಕೆಳಗಿಳಿದಿದೆಯಲ್ಲ, ಅಂಥ ಒಂದೊಂದು ಇಳಿತವನ್ನೂ ಯಂತ್ರ ಒಂದೊಂದು ಏರುಪೇರು ಎಂದು ಎಣಿಸಿತ್ತು. ಮೊದಲು ದಿನಕ್ಕೊಂದು ಇರುತ್ತಿತ್ತು, ಈಗ ದಿನಕ್ಕೆ ಮೂರು. ಅವಳು ಸುಧಾರಿಸಿದಷ್ಟೂ ಆ ಗೋಡೆಯ ಮೇಲೆ ಕೆಟ್ಟವಳಾಗಿದ್ದಳು. ಏಕನಾಥ ಮಂಡಳಿಗೆ ಬರೆದ, ಹೀಗೆ ಹೀಗೆ ಎಂದು ತಿಳಿಸಿದ. ಅಳತೆ ಯಂತ್ರದ್ದು, ಅದರಲ್ಲಿ ಮನೆಯವರ ಅಭಿಪ್ರಾಯಕ್ಕೆ ಜಾಗವಿಲ್ಲ ಎಂದು ಉತ್ತರ ಬಂತು.

ಪರೀಕ್ಷೆಯ ದಿನ ಕೇಂದ್ರದ ಹೊರಗೆ ಕೂರಲು ಉದ್ದದ ಬಾಕು, ಅಂದರೆ ಬೆಂಚು. ಅದರ ತುಂಬ ತಾಯಂದಿರು, ಅವರ ತೊಡೆಯ ಮೇಲೆ ಮಕ್ಕಳು. ಯಾರೂ ಮಾತಾಡುತ್ತಿರಲಿಲ್ಲ. ಮಾತಾಡಿದರೆ ಗೆರೆ ಏರೀತು ಎಂಬ ಹೆದರಿಕೆ. ಮಕ್ಕಳು ಕೂಡ ಮೆತ್ತಗಿದ್ದವು. ಅಂಥ ಮೌನವನ್ನು ನಾನು ಸಾವಿನ ಮನೆಯಲ್ಲೂ ಕಂಡಿಲ್ಲ. ಸಾವಿನ ಮನೆಯಲ್ಲಿ ಜನ ಬಾಯಿಬಿಟ್ಟು ಅಳುತ್ತಾರೆ.

ಬನಜಾಳನ್ನು ಒಳಗೆ ಒಂದು ಕೋಣೆಯಲ್ಲಿ ಕೂರಿಸಿದರು. ಮಗುವನ್ನು ನರ್ಸ್ ಒಬ್ಬಳು ಪಕ್ಕದ ಕೋಣೆಗೆ ಒಯ್ದಳು. ಏಕನಾಥನನ್ನು ಹೊರಗೇ ನಿಲ್ಲಿಸಿದರು. ಮನೆಯ ಹಿರಿಯರೊಬ್ಬರು ಸಾಕ್ಷಿಗೆ ಇರಬೇಕೆಂಬ ನೇಮವಿದ್ದುದರಿಂದ ನನ್ನನ್ನು ಗಾಜಿನ ಈಚೆ, ಸವಡಿ ಮತ್ತು ಪ್ರಫುಲ್ಲಾಳ ಹಿಂದೆ ಕೂರಿಸಿದರು. ನಮಗೆ ಬನಜಾ ಕಾಣುತ್ತಿದ್ದಳು, ಅವಳಿಗೆ ನಾವು ಕಾಣುತ್ತಿರಲಿಲ್ಲ. ಅವಳ ಗೆರೆ ಮಾತ್ರ ಗೋಡೆಯ ಮೇಲೆ ಒಂಟಿಯಾಗಿ ಓಡುತ್ತಿತ್ತು.

ಪರೀಕ್ಷೆ ಎಂದರೆ ಇಷ್ಟು. ಒಂದು ತಾಸಿನ ಒಳಗೆ ಮಗುವನ್ನು ಅಳಿಸುತ್ತಾರೆ, ಸುಮ್ಮನಾಗಿಸುತ್ತಾರೆ, ಮತ್ತೆ ಅಳಿಸುತ್ತಾರೆ. ಅಳು ಗೋಡೆಯಾಚೆಯಿಂದ ತಾಯಿಗೆ ಕೇಳುವಂತೆ ಬಿಡುತ್ತಾರೆ. ಮಗು ಅತ್ತಾಗ ಏರಿ, ಸುಮ್ಮನಾದಾಗ ಇಳಿದು, ಮತ್ತೆ ಏರುವ ಗೆರೆ ಅಂಚಿನದು. ಓದಿದವರು, ಮಕ್ಕಳನ್ನು ಹೆತ್ತವರು, ಟೇಬಲಿಗೆ ಕೂತು ಇದನ್ನು ಯೋಚಿಸಿ ಬರೆದಿದ್ದರು.

ಇಂಪು ಅತ್ತಳು. ಅವಳ ಅಳು ನನಗೆ ಗೊತ್ತು, ಮೊದಲು ಒಂದು ಬಿಕ್ಕು, ಆಮೇಲೆ ಉಸಿರು ಕಟ್ಟುವಂಥ ಎಳೆತ. ಗೆರೆ ಚಿಮ್ಮಿತು. ಬನಜಾ ಎದ್ದು ನಿಂತಳು. ಕಡಗ ಹೇಳುತ್ತಿದ್ದುದು ನಮ್ಮ ಕೋಣೆಗೂ ಕೇಳಿಸಿತು: ಭಯ ಮತ್ತು ಸಿಟ್ಟು, ಪ್ರಮಾಣ ಒಂಬತ್ತು, ಅವಧಿ ಮೂರು ತಾಸು. ಅವಳು ಬಾಗಿಲ ತನಕ ಹೋದಳು. ಈಗ ಬಡಿಯುತ್ತಾಳೆ ಎಂದುಕೊಂಡೆ. ಬಡಿಯಲಿಲ್ಲ. ತಿರುಗಿ ಬಂದು ಕುರ್ಚಿಯಲ್ಲಿ ಕೂತಳು, ಎರಡೂ ಅಂಗೈ ಮೊಣಕಾಲ ಮೇಲೆ ಇಟ್ಟಳು.

ಒಳಗೆ ಮಗುವಿಗೆ ಏನೋ ಕೊಟ್ಟರು, ಅಳು ನಿಂತಿತು. ‘ಈಗ ಇಳಿಯುತ್ತೆ ನೋಡು’ ಎಂದು ಸವಡಿ ಪ್ರಫುಲ್ಲಾಳಿಗೆ ಹೇಳಿದರು.

ಗೆರೆ ತುಸು ಬಾಗಿತು. ಬಾಗಿದ್ದು ಅಲ್ಲೇ ನಿಂತಿತು, ಮೆಲ್ಲಗೆ ಮತ್ತೆ ಮೇಲೆ ಹೋಗಿ ಒಂಬತ್ತಕ್ಕೆ ಕೂತಿತು. ಬನಜಾಳ ತುಟಿ ಅಲುಗುತ್ತಿತ್ತು. ಏನು ಹೇಳಿಕೊಳ್ಳುತ್ತಿದ್ದಳೋ ಕೇಳಲಿಲ್ಲ. ಮಗುವನ್ನು ಮತ್ತೆ ಅಳಿಸಿದರು, ಮತ್ತೆ ಸುಮ್ಮನಾಗಿಸಿದರು. ಗೆರೆ ಒಂಬತ್ತರಲ್ಲೇ, ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಯಂತೆ, ಒಂದೇ ಸಮ. ಕಣ್ಣು ಕೆಂಪಾಗಿ, ಬೆವರು ಕುತ್ತಿಗೆಗೆ ಇಳಿದು, ಅವಳು ಗಾಜಿನತ್ತ ನೋಡುತ್ತ ಕೂತಿದ್ದಳು. ನಾವು ಕಾಣುತ್ತಿಲ್ಲವೆಂದು ಗೊತ್ತಿದ್ದೂ ಸವಡಿಯವರು ಕುರ್ಚಿ ಹಿಂದೆ ಸರಿಸಿದರು.

ತಾಸು ಮುಗಿಯಿತು. ಯಂತ್ರ ಲೆಕ್ಕ ಹಾಕಿ ಗೋಡೆಯ ಮೇಲೆ ಒಂದೇ ಪದ ಬರೆಯಿತು. ಪ್ರಫುಲ್ಲಾ ಅದನ್ನು ದೊಡ್ಡದಾಗಿ ಓದಿದಳು: ಸ್ಥಿರ.

‘ಒಂಬತ್ತರಲ್ಲಿದ್ದಾಳೆ’ ಎಂದರು ಸವಡಿ.

‘ಎತ್ತರ ಮುಖ್ಯ ಅಲ್ಲ ಸರ್’ ಎಂದಳು ಪ್ರಫುಲ್ಲಾ. ‘ಏರುಪೇರು ಸೊನ್ನೆ. ಮಗು ಕೊಡಬೇಕಾಗತದ.’

ಸವಡಿಯವರು ಕಾಗದ ಎಳೆದುಕೊಂಡರು. ಸಹಿ ಮಾಡಿದರು. ಅವರಿಗೆ ನಾಚಿಕೆಯಾಯಿತೆಂದು ನಾನು ಸುಳ್ಳು ಹೇಳುವುದಿಲ್ಲ. ಮುಂದಿನವರನ್ನು ಕರೆಯಿರಿ ಎಂದರು, ಅಷ್ಟೇ.

ನರ್ಸ್ ಇಂಪುವನ್ನು ತಂದು ಕೊಟ್ಟಳು. ಬನಜಾ ಮಗುವನ್ನು ಎತ್ತಿಕೊಂಡಳು, ಮುದ್ದಿಸಲಿಲ್ಲ, ಅಳಲಿಲ್ಲ. ಅದೇ ಬಿಗಿದ ಮುಖದಲ್ಲಿ ನಡೆದಳು. ಗೇಟು ದಾಟಿ ಬಸ್‌ಸ್ಟ್ಯಾಂಡಿನ ರಸ್ತೆಗೆ ಬಂದ ಮೇಲೆ ಅವಳು ನಿಂತಳು. ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು ಮಗುವಿನ ಹೊಟ್ಟೆಗೆ ಮುಖ ಒತ್ತಿ ಅತ್ತಳು, ಅಳುತ್ತಲೇ ನಕ್ಕಳು. ಕಡಗ ಏನೇನೋ ಹೇಳುತ್ತಿತ್ತು. ಯಾರೂ ಕೇಳಿಸಿಕೊಳ್ಳಲಿಲ್ಲ.

‘ಇಳೀತಿತ್ರಿ ಆಯಿ’ ಎಂದಳು. ‘ಇಂಪು ಸುಮ್ಮನಾದ ಕೂಡಲೇ ಇಳೀತಿತ್ತು. ನಾ ಬಿಡಲಿಲ್ಲ. ಹೋಗೂದು ಗೊತ್ತಾತಲ್ರಿ ನನಗ. ಹೋಗೂದನ್ನ ಹಿಡದ ಕುಂದ್ರಿಸಿದ್ನಿ. ನಂದರಿ ಅದು. ನನ್ನ ಸಿಟ್ಟು.’

ಬಸ್ಸು ಬಂತು. ಏಕನಾಥ ಸೀಟು ಹಿಡಿಯಲು ಓಡಿದ. ಬನಜಾ ಹತ್ತಲಿಲ್ಲ. ಮಗುವನ್ನು ನನ್ನ ಕೈಗೆ ಕೊಟ್ಟು, ಸೆರಗು ಬಿಗಿದು, ಬಂದ ದಾರಿಯಲ್ಲೇ ಕೇಂದ್ರದ ಕಡೆ ಹೊರಟಳು. ಏನು ಬಿಟ್ಟು ಬಂದೆ ಎಂದು ಕೇಳಿದೆ.

‘ಆ ಬಾಕಿನ ಮ್ಯಾಲೆ ಕುಂತಾರಲ್ರಿ ಅವರು’ ಎಂದಳು. ‘ಅವರಿಗೆ ಒಂದು ಮಾತು ಹೇಳಿ ಬರ್ತೀನಿ. ಸಿಟ್ಟು ಇಳಸಬ್ಯಾಡ್ರಿ, ಮಗು ಕೈಗೆ ಬರೂತನಕ ಹಿಡಕೋರಿ ಅಂತ. ಅದು ಮಾತು ಕೇಳತದ ಅಂತ ಅವರಿಗೆ ಯಾರು ಹೇಳ್ಯಾರ?’

ಬಸ್ಸು ಹೋಗಲಿ ಬಿಡು ಎಂದು ನಾನು ಏಕನಾಥನನ್ನು ಕೆಳಗಿಳಿಸಿದೆ. ನಾನೂ ಅವಳ ಹಿಂದೆ ನಡೆದೆ. ನನಗೆ ಎಂಬತ್ತು ದಾಟಿದೆ, ಮೊಣಕಾಲು ನೋಯುತ್ತದೆ. ಆದರೆ ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಅದು ನನ್ನನ್ನು ನಡೆಸಿಕೊಂಡು ಹೋಯಿತು.